ಮಕ್ಕಳ ಜೊತೆ ಸೋಪಿನ ಗುಳ್ಳೆ: ಮನೆಯಲ್ಲೇ ಊದುಗೊಳವೆ ಮಾಡುವುದು ಹೇಗೆ?

"ಮನೆಯಲ್ಲೇ ಸೋಪುನೀರು ಕಲಸಿದೆವು. ಮಗು ಎಷ್ಟು ಊದಿದರೂ ಗುಳ್ಳೆ ಬರುತ್ತಿಲ್ಲ. ಬಂದರೂ ಹಾರುವ ಮೊದಲೇ ಒಡೆದುಹೋಗುತ್ತದೆ. ಸೋಪು ಇನ್ನೂ ಜಾಸ್ತಿ ಹಾಕಬೇಕಾ?" ಚಿಕ್ಕ ಮಕ್ಕಳಿರುವ ಮನೆಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲಿಗೆ ಆ ಪ್ರಶ್ನೆಗೇ ಉತ್ತರ. ಸೋಪು ಜಾಸ್ತಿ ಹಾಕಬೇಡಿ. ಊದುವ ಸಾಧನದ ಅಂಚನ್ನು ನೋಡಿ. ಗುಳ್ಳೆ ಹಿಗ್ಗುತ್ತಾ ಹೋದಂತೆ ಅದಕ್ಕೆ ಇನ್ನಷ್ಟು ಸೋಪುನೀರು ಬೇಕಾಗುತ್ತದೆ. ಅದು ಬರಬೇಕಾದ್ದು ಅಂಚಿನಲ್ಲಿ ನಿಂತ ನೀರಿನಿಂದಲೇ. ನುಣುಪಾದ ತೆಳು ಪ್ಲಾಸ್ಟಿಕ್ ಅಂಚಿನಲ್ಲಿ ಒಂದೆರಡು ಹನಿ ನಿಂತರೆ ಹೆಚ್ಚು. ದಾರ ಸುತ್ತಿದ ಅಂಚು, ಕಾಗದದ ಅಂಚು, ಸೀಳು ಬಿಟ್ಟ ಅಂಚು ಹಾಗಲ್ಲ. ಅವು ನೀರನ್ನು ಹಿಡಿದಿಟ್ಟುಕೊಂಡು, ಗುಳ್ಳೆ ಹಿಗ್ಗುವಾಗ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡುತ್ತವೆ. ಕೆಳಗೆ ಹೇಳಿರುವ ಊದುಗೊಳವೆಗಳೆಲ್ಲ ಈ ಒಂದು ಲೆಕ್ಕದ ಮೇಲೆಯೇ ನಿಂತಿವೆ. ಇದು ತಲೆಯಲ್ಲಿದ್ದರೆ ಮನೆಯಲ್ಲಿರುವ ಯಾವ ವಸ್ತುವಿನಿಂದ ಬೇಕಾದರೂ ನೀವೇ ಹೊಸದೊಂದು ಮಾಡಬಹುದು.

ಗುಳ್ಳೆ ಏಕೆ ನಿಲ್ಲುತ್ತದೆ, ಏಕೆ ಒಡೆಯುತ್ತದೆ

ನೀರಿನ ಮೇಲ್ಮೈ ಯಾವಾಗಲೂ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುತ್ತಿರುತ್ತದೆ. ಇದಕ್ಕೆ ಮೇಲ್ಮೈ ಎಳೆತ ಎನ್ನುತ್ತಾರೆ. ನಲ್ಲಿಯ ತುದಿಯಲ್ಲಿ ಹನಿ ದುಂಡಗೆ ನೇತಾಡುವುದು ಇದರಿಂದಲೇ. ಬರೀ ನೀರಿನಲ್ಲಿ ಈ ಎಳೆತ ಜೋರು. ಅದನ್ನು ತೆಳ್ಳಗೆ ಹಿಗ್ಗಿಸಲು ಹೋದರೆ ಹರಿದು ಮತ್ತೆ ಹನಿಯಾಗಿಬಿಡುತ್ತದೆ. ಸೋಪು ಬೆರೆತಾಗ ಎಳೆತ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಜೊತೆಗೆ ಸೋಪಿನ ಅಣುಗಳು ನೀರಿನ ಎರಡೂ ಬದಿಗೆ ಹೋಗಿ ಸಾಲಾಗಿ ನಿಲ್ಲುತ್ತವೆ. ಹಾಗಾಗಿ ಗುಳ್ಳೆಯ ಗೋಡೆ ಅಂದರೆ ಮೂರು ಪದರ: ಹೊರಗೆ ಸೋಪು, ನಡುವೆ ನೀರು, ಒಳಗೆ ಮತ್ತೆ ಸೋಪು. ಈ ತೆಳು ಗೋಡೆಯನ್ನು ಮುಂದೆ ಪೊರೆ ಎಂದು ಕರೆಯುತ್ತೇನೆ.

ಪೊರೆ ಒಡೆಯುವುದಕ್ಕೆ ಮುಖ್ಯ ಕಾರಣ ಮೂರು. ನಡುವಿನ ನೀರು ಕೆಳಕ್ಕೆ ಇಳಿದು ಮೇಲ್ಭಾಗ ತೆಳ್ಳಗಾಗುತ್ತದೆ. ನೀರು ಗಾಳಿಗೆ ಆರಿಹೋಗುತ್ತದೆ. ಇಲ್ಲವೇ ಒಣಗಿದ ಯಾವುದಾದರೂ ವಸ್ತು ತಾಗುತ್ತದೆ. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ಮುಂದೆ ಪ್ರತಿ ಹಂತದಲ್ಲೂ ಅವರೇ "ಇದು ಒಣಗಿದೆ, ಅದಕ್ಕೇ ಒಡೀತು" ಎಂದು ಹೇಳತೊಡಗುತ್ತಾರೆ.

ಬೇಕಾದ ಸಾಮಾನು

ದ್ರಾವಣಕ್ಕೆ:

- ಪಾತ್ರೆ ತೊಳೆಯುವ ಲಿಕ್ವಿಡ್
- ನೀರು
- ಗ್ಲಿಸರಿನ್ (ಔಷಧಿ ಅಂಗಡಿಯಲ್ಲಿ ಸಿಗುವ ಬಣ್ಣವಿಲ್ಲದ ಮಂದ ದ್ರವ), ಅದಿಲ್ಲದಿದ್ದರೆ ಸಕ್ಕರೆ
- ಅಗಲವಾದ, ಆಳ ಕಡಿಮೆ ಇರುವ ತಟ್ಟೆ ಅಥವಾ ಟ್ರೇ

ಊದುಗೊಳವೆಗೆ: ಸ್ಟ್ರಾಗಳು, ದಪ್ಪ ಕಾಗದ, ಸುಲಭವಾಗಿ ಬಗ್ಗುವ ತಂತಿ, ಹತ್ತಿ ಅಥವಾ ಉಣ್ಣೆ ದಾರ, ಖಾಲಿ ಪ್ಲಾಸ್ಟಿಕ್ ಬಾಟಲಿ, ಹಳೆಯ ಕಾಲುಚೀಲ, ರಬ್ಬರ್ ಬ್ಯಾಂಡ್, ಟೇಪ್, ಕತ್ತರಿ. ಎಲ್ಲವೂ ಒಟ್ಟಿಗೆ ಬೇಕಿಲ್ಲ. ಕೆಳಗಿನ ಐದರಲ್ಲಿ ಒಂದನ್ನು ಆರಿಸಿಕೊಂಡು, ಅದಕ್ಕೆ ಬೇಕಾದ್ದನ್ನಷ್ಟೇ ಎತ್ತಿಟ್ಟುಕೊಳ್ಳಿ.

ಹಂತ 1: ದ್ರಾವಣ ಕಲಸುವುದು, ಹಿಂದಿನ ದಿನವೇ

ಅಳತೆ ಹೀಗಿರಲಿ: ನೀರು 600 ಮಿಲಿ, ಲಿಕ್ವಿಡ್ 100 ಮಿಲಿ, ಗ್ಲಿಸರಿನ್ 1ರಿಂದ 2 ದೊಡ್ಡ ಚಮಚ. ಒಂದು ದೊಡ್ಡ ಚಮಚ ಅಂದರೆ 15 ಮಿಲಿ. ಅಳತೆ ಪಾತ್ರೆ ಇಲ್ಲದಿದ್ದರೆ ಯಾವುದಾದರೂ ಒಂದೇ ಲೋಟ ಹಿಡಿದು, ಆರು ಲೋಟ ನೀರಿಗೆ ಒಂದು ಲೋಟ ಲಿಕ್ವಿಡ್ ಎಂದು ಲೆಕ್ಕ ಇಟ್ಟುಕೊಳ್ಳಿ. ಈ ಅಳೆಯುವ ಕೆಲಸವನ್ನು ಮಕ್ಕಳಿಗೇ ಬಿಡಿ. ನಾಲ್ಕು ವರ್ಷದ ಮಗುವೂ ಆರು ಎಣಿಸುತ್ತಾ ಲೋಟ ಸುರಿಯಬಲ್ಲದು. ಲಿಕ್ವಿಡ್ ಮಾತ್ರ ನೀವೇ ಸುರಿಯಿರಿ. ಅದು ಕಣ್ಣಿಗೆ ಸಿಡಿದರೆ ಉರಿ ಜಾಸ್ತಿ.

ಮೊದಲು ನೀರು, ಆಮೇಲೆ ಲಿಕ್ವಿಡ್. ಈ ಸಾಲು ತಪ್ಪಬೇಡಿ. ಲಿಕ್ವಿಡ್ ಮೇಲೆ ನೀರು ಸುರಿದರೆ ಪಾತ್ರೆ ತುಂಬ ನೊರೆ ಏಳುತ್ತದೆ. ಚಮಚವನ್ನು ತಳದಲ್ಲೇ ಇಟ್ಟು ನಿಧಾನವಾಗಿ ತಿರುಗಿಸಿ. ಕೊನೆಗೆ ಗ್ಲಿಸರಿನ್ ಹಾಕಿ, ಮತ್ತೆ ಅಷ್ಟೇ ನಿಧಾನವಾಗಿ ಕಲಸಿ. ಮಕ್ಕಳಿಗೆ ಜೋರಾಗಿ ಕಲಕುವುದೇ ಇಷ್ಟ, ಆದರೆ ಇಲ್ಲಿ ನೊರೆ ನಮ್ಮ ಶತ್ರು. ತಂತಿ ಉಂಗುರವನ್ನು ನೊರೆಯಲ್ಲಿ ಅದ್ದಿದರೆ ಒಂದು ದೊಡ್ಡ ಪೊರೆಯ ಜಾಗದಲ್ಲಿ ಚಿಲ್ಲರೆ ಗುಳ್ಳೆಗಳು ಅಂಟಿಕೊಂಡು ಬರುತ್ತವೆ. ಅವು ಪೊರೆಯನ್ನು ಹರಿದುಹಾಕುತ್ತವೆ. ಏನೇ ಮಾಡಿದರೂ ಸ್ವಲ್ಪ ನೊರೆ ಬಂದೇ ಬರುತ್ತದೆ. ಅದನ್ನು ಚಮಚದಿಂದ ಕೆನೆ ತೆಗೆದ ಹಾಗೆ ತೆಗೆದುಬಿಡಿ.

ಗ್ಲಿಸರಿನ್ ಗಾಳಿಯಲ್ಲಿರುವ ತೇವವನ್ನು ತನ್ನ ಕಡೆ ಎಳೆದುಕೊಳ್ಳುವ ಗುಣದ್ದು. ಅದು ಬೆರೆತ ಪೊರೆ ಬೇಗ ಆರುವುದಿಲ್ಲ. ಇದು ಹಳೆಯ ತಿಳಿವಳಿಕೆ. 19ನೇ ಶತಮಾನದಲ್ಲಿ ಸೋಪಿನ ಪೊರೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಬೆಲ್ಜಿಯಂನ ವಿಜ್ಞಾನಿ ಜೋಸೆಫ್ ಪ್ಲಾಟೋ ಕೂಡ ಪೊರೆ ಹೆಚ್ಚು ಹೊತ್ತು ನಿಲ್ಲಲಿ ಎಂದು ಸೋಪಿಗೆ ಗ್ಲಿಸರಿನ್ ಬೆರೆಸುತ್ತಿದ್ದ. ಗ್ಲಿಸರಿನ್ ಸಿಗದಿದ್ದರೆ 2 ದೊಡ್ಡ ಚಮಚ ಸಕ್ಕರೆಯನ್ನು ಸ್ವಲ್ಪ ಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ ಹಾಕಿ. ಕೆಲಸ ನಡೆಯುತ್ತದೆ, ಆದರೆ ಕೈ ನೆಲ ಎಲ್ಲ ಅಂಟಂಟು. ಇರುವೆಯೂ ಬರುತ್ತದೆ.

ಕಲಸಿದ್ದನ್ನು ಮುಚ್ಚಿ ಒಂದು ರಾತ್ರಿ ಬಿಟ್ಟರೆ ನೊರೆ ಇಳಿದು, ಎಲ್ಲವೂ ಚೆನ್ನಾಗಿ ಬೆರೆತಿರುತ್ತದೆ. ಮಕ್ಕಳು ಕಾಯಲು ಒಪ್ಪುವುದಿಲ್ಲ ಎಂದಾದರೆ ಅರ್ಧ ಗಂಟೆಯಾದರೂ ಬಿಡಿ. ಆ ಹೊತ್ತಿನಲ್ಲಿ ಊದುಗೊಳವೆ ಮಾಡಿದರಾಯಿತು.

ಇಲ್ಲಿ ಆಗುವ ತಪ್ಪುಗಳು:

ಸ್ನಾನದ ಸೋಪನ್ನು ತುರಿದು ಕರಗಿಸುವುದು. ನಿಮ್ಮ ನೀರು ಗಡಸಾಗಿದ್ದರೆ, ಅಂದರೆ ಕ್ಯಾಲ್ಸಿಯಂ ಮೆಗ್ನೀಷಿಯಂ ಲವಣ ಜಾಸ್ತಿ ಇದ್ದರೆ, ಬಿಲ್ಲೆ ಸೋಪು ಅದರ ಜೊತೆ ಸೇರಿ ಮೊಸರು ಒಡೆದಂಥ ಗಷ್ಟು ಆಗುತ್ತದೆ. ಗುಳ್ಳೆ ಬರುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್‌ಗೆ ಈ ತೊಂದರೆ ಕಡಿಮೆ. ಆದರೂ ನೀರು ತುಂಬ ಗಡಸಾಗಿದ್ದರೆ ಫಿಲ್ಟರ್ ನೀರು, ಮಳೆ ನೀರು ಅಥವಾ ಡಿಸ್ಟಿಲ್ಡ್ ನೀರು ಬಳಸಿ ನೋಡಿ.

ಪಾತ್ರೆ ತೊಳೆಯುವ ಯಂತ್ರಕ್ಕೆಂದೇ ಇರುವ ಪುಡಿ ಅಥವಾ ಲಿಕ್ವಿಡ್ ಬಳಸುವುದು. ಅದು ಕೈಗೆ ತಾಗಬಾರದಷ್ಟು ತೀಕ್ಷ್ಣ, ಮಕ್ಕಳ ಆಟಕ್ಕೆ ಬೇಡವೇ ಬೇಡ. ಬ್ಲೀಚ್ ಇರುವ ಬಟ್ಟೆ ಪುಡಿಯೂ ಬೇಡ. ಗುಳ್ಳೆ ಗಟ್ಟಿಯಾಗಲಿ ಎಂದು ಬೋರಾಕ್ಸ್ ಹಾಕುವ ಸಲಹೆಯನ್ನು ನೀವು ಎಲ್ಲಾದರೂ ಓದಿರಬಹುದು. ಬಾಯಿಗೆ ಹೋಗುವ ಸಾಧ್ಯತೆ ಇರುವ ಈ ಆಟದಲ್ಲಿ ಅದನ್ನು ಖಂಡಿತ ಸೇರಿಸಬೇಡಿ.

ಎಣ್ಣೆ ಜಿಡ್ಡಿನ ತಟ್ಟೆ. ಸ್ವಲ್ಪ ಜಿಡ್ಡಿದ್ದರೂ ಪೊರೆ ನಿಲ್ಲುವುದಿಲ್ಲ. ದ್ರಾವಣ ಹಾಕುವ ಮೊದಲು ತಟ್ಟೆಯನ್ನು ಚೆನ್ನಾಗಿ ತೊಳೆಯಿರಿ.

ಹಂತ 2: ದ್ರಾವಣದ ಪರೀಕ್ಷೆ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಆಮೇಲೆ ಗುಳ್ಳೆ ಬರದಿದ್ದಾಗ ತಪ್ಪು ಎಲ್ಲಿದೆ ಎಂದು ಹೇಳುವುದು ಇದೊಂದೇ.

ನುಣುಪಾದ ತಟ್ಟೆಯೊಂದರ ಮೇಲೆ ಎರಡು ಚಮಚ ದ್ರಾವಣ ಸುರಿದು, ಅಂಗೈಯಿಂದ ಇಡೀ ತಟ್ಟೆಗೆ ಹರಡಿ. ಎಲ್ಲೂ ಒಣ ಜಾಗ ಉಳಿಯಬಾರದು. ಒಂದು ಸ್ಟ್ರಾ ತುದಿಯನ್ನು ದ್ರಾವಣದಲ್ಲಿ ಅದ್ದಿ, ತಟ್ಟೆಗೆ ತಾಗುವಷ್ಟು ಹತ್ತಿರ ಹಿಡಿದು ಮೆಲ್ಲಗೆ ಊದಿ. ಅರ್ಧಗೋಳದಂಥ ಗುಮ್ಮಟ ಏಳುತ್ತದೆ. ಅದು ಅಂಗೈ ಅಗಲ ಬೆಳೆದು, ಸ್ಟ್ರಾ ತೆಗೆದ ಮೇಲೂ ಕೆಲವು ಸೆಕೆಂಡ್ ನಿಂತರೆ ದ್ರಾವಣ ಸರಿಯಾಗಿದೆ ಎಂದು ಅರ್ಥ. ಇನ್ನು ಮುಂದೆ ಏನೇ ತೊಂದರೆ ಬಂದರೂ ಅಂಚನ್ನೋ, ಗಾಳಿಯನ್ನೋ, ಊದುವ ರೀತಿಯನ್ನೋ ನೋಡಿ. ದ್ರಾವಣವನ್ನು ಮುಟ್ಟಬೇಡಿ.

ಗುಮ್ಮಟ ಏಳುವಾಗಲೇ ಒಡೆದರೆ ಒಂದು ಚಮಚ ಲಿಕ್ವಿಡ್ ಸೇರಿಸಿ ಮತ್ತೆ ನೋಡಿ. ಕೆಲವು ಲಿಕ್ವಿಡ್ ತೀರಾ ತೆಳ್ಳಗಿರುತ್ತವೆ. ಅವುಗಳಿಗೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಲಿಕ್ವಿಡ್ ಬೇಕಾಗಬಹುದು. ಗುಳ್ಳೆ ಭಾರವಾಗಿ, ತಳದಲ್ಲಿ ದೊಡ್ಡ ಹನಿ ತೂಗಿಕೊಂಡು ನೆಲಕ್ಕೆ ಬೀಳುತ್ತಿದ್ದರೆ ದ್ರಾವಣ ಮಂದವಾಗಿದೆ. ನೀರು ಸೇರಿಸಿ.

ಏನೂ ಸಾಧನ ಇಲ್ಲದೆ ಊದುವ ಬಗೆಯೂ ಇಲ್ಲೇ ಕಲಿಸಿಬಿಡಿ. ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಉಂಗುರ ಮಾಡಿ, ಇಡೀ ಕೈಯನ್ನು ದ್ರಾವಣದಲ್ಲಿ ಅದ್ದಿ ಎತ್ತಿದರೆ ಬೆರಳುಗಳ ನಡುವೆ ಪೊರೆ ನಿಂತಿರುತ್ತದೆ. ಮೆಲ್ಲಗೆ ಊದಿದರೆ ಕೈಯಿಂದಲೇ ಗುಳ್ಳೆ. ಒದ್ದೆ ಚರ್ಮ ಚೆನ್ನಾಗಿ ನೀರು ಹಿಡಿಯುತ್ತದೆ, ಅದಕ್ಕೇ ಇದು ಇಷ್ಟು ಸುಲಭ. ಕೈಯಲ್ಲಿ ಗಾಯ ಇರುವ, ಚರ್ಮ ಬೇಗ ಕೆರಳುವ ಮಕ್ಕಳಿಗೆ ಮಾತ್ರ ಇದು ಬೇಡ.

ಹಂತ 3: ಊದುಗೊಳವೆ ಮಾಡುವುದು

ಸುಲಭದ್ದು ಮೊದಲು, ಸ್ವಲ್ಪ ಕೆಲಸ ಇರುವುದು ಆಮೇಲೆ.

*ಅ) ಸೀಳಿದ ಸ್ಟ್ರಾ*

1. ಸ್ಟ್ರಾದ ಒಂದು ತುದಿಯನ್ನು ಕತ್ತರಿಯಿಂದ 1 ಸೆಂಟಿಮೀಟರ್ ಉದ್ದ, ನಾಲ್ಕು ಕಡೆ ಸೀಳಿ.
2. ಸೀಳಿದ ಭಾಗಗಳನ್ನು ಹೂವಿನ ಎಸಳಿನ ಹಾಗೆ ಹೊರಕ್ಕೆ ಬಗ್ಗಿಸಿ. ಈಗ ಅಂಚು ಅಗಲವಾಯಿತು, ಸೀಳುಗಳ ಸಂದಿಯಲ್ಲಿ ನೀರೂ ನಿಲ್ಲುತ್ತದೆ.
3. ಬಾಯಿಗೆ ಇಡುವ ತುದಿಯಿಂದ 3 ಸೆಂಟಿಮೀಟರ್ ಕೆಳಗೆ, ಬದಿಯಲ್ಲಿ ಒಂದು ಸಣ್ಣ ತೂತು ಮಾಡಿ.

ಆ ಮೂರನೆಯದನ್ನು ಮರೆಯಲೇಬೇಡಿ. ಚಿಕ್ಕ ಮಕ್ಕಳಿಗೆ ಸ್ಟ್ರಾ ಅಂದರೆ ಹೀರುವ ವಸ್ತು. ಊದು ಎಂದು ಎಷ್ಟು ಸಲ ಹೇಳಿದರೂ ಮರೆತು ಹೀರಿಬಿಡುತ್ತಾರೆ. ತೂತು ಇದ್ದರೆ ಹೀರಿದಾಗ ಅಲ್ಲಿಂದ ಗಾಳಿ ಒಳಗೆ ಬರುತ್ತದೆ, ಸೋಪುನೀರು ಮೇಲಕ್ಕೆ ಏರುವುದು ಕಷ್ಟ. ಊದುವಾಗ ಸ್ವಲ್ಪ ಗಾಳಿ ಪೋಲಾಗುತ್ತದೆ ನಿಜ, ಆದರೆ ಸಣ್ಣ ಗುಳ್ಳೆಗೆ ಅಷ್ಟು ಉಸಿರು ಸಾಕು. ತೂತು ಯಾವಾಗಲೂ ದ್ರಾವಣದ ಮೇಲೆಯೇ ಇರಬೇಕು. ಬೆರಳಿನಿಂದ ಮುಚ್ಚಿಹೋಗದಂತೆ ಮಗುವಿಗೆ ಅದರ ಕೆಳಗೆ ಹಿಡಿದುಕೊಳ್ಳಲು ಕಲಿಸಿ. ಸ್ಟ್ರಾ ಕೊಡುವ ಮೊದಲು ಬರೀ ನೀರಿನ ಲೋಟದಲ್ಲಿ "ಗುಳುಗುಳು" ಎಂದು ಊದಿಸಿ ನೋಡಿ. ಅಲ್ಲಿ ಹೀರದೆ ಊದಿದರೆ ಸೋಪುನೀರಿಗೆ ಬರಬಹುದು. ಇನ್ನೂ ಹೀರುತ್ತಿರುವ ಮಗುವಿಗೆ ಸ್ಟ್ರಾ ಬೇಡ, ಉಂಗುರ ಕೊಡಿ.

ಕಾಗದದ ಸ್ಟ್ರಾ ಇನ್ನೂ ಚೆನ್ನಾಗಿ ನೀರು ಹಿಡಿಯುತ್ತದೆ, ಆದರೆ ಬೇಗ ಮೆತ್ತಗಾಗುತ್ತದೆ. ಒಂದೆರಡು ಜಾಸ್ತಿ ಮಾಡಿಟ್ಟುಕೊಳ್ಳಿ. ಒಬ್ಬರ ಸ್ಟ್ರಾ ಇನ್ನೊಬ್ಬರ ಬಾಯಿಗೆ ಹೋಗದಂತೆ ಪ್ರತಿ ಮಗುವಿನದಕ್ಕೂ ಬೇರೆ ಬಣ್ಣದ ಟೇಪ್ ಸುತ್ತಿ.

*ಆ) ಕಾಗದದ ಶಂಕು*

ನನ್ನ ಅಭಿಪ್ರಾಯದಲ್ಲಿ ಊದುಗೊಳವೆಗಳಲ್ಲೇ ಇದು ಅತ್ಯುತ್ತಮ. ಮಾಡಲು ಎರಡೇ ನಿಮಿಷ, ಗುಳ್ಳೆಯೋ ಸಾಕಷ್ಟು ದೊಡ್ಡದು. ಯಾಕೋ ಇದನ್ನು ಮಾಡುವವರು ಕಡಿಮೆ.

1. ದಪ್ಪ ಕಾಗದವನ್ನು ಶಂಕುವಿನ ಆಕಾರಕ್ಕೆ ಸುತ್ತಿ. ಚಿಕ್ಕ ಬಾಯಿ ಒಂದು ಬೆರಳು ಹೋಗುವಷ್ಟು, ದೊಡ್ಡ ಬಾಯಿ ಸುಮಾರು 5 ಸೆಂಟಿಮೀಟರ್ ಅಗಲ.
2. ಬಿಚ್ಚಿಕೊಳ್ಳದಂತೆ ಉದ್ದಕ್ಕೂ ಟೇಪ್ ಹಚ್ಚಿ. ಸಂದಿಯಿಂದ ಗಾಳಿ ಸೋರಬಾರದು.
3. ದೊಡ್ಡ ಬಾಯಿಯ ಅಂಚು ಓರೆಕೋರೆ ಇರುತ್ತದೆ. ಕತ್ತರಿಯಿಂದ ಸಮ ಮಾಡಿ. ಮೇಜಿನ ಮೇಲೆ ಬೋರಲಾಗಿ ನಿಲ್ಲಿಸಿದರೆ ಎಲ್ಲ ಕಡೆ ತಾಗಬೇಕು.
4. ಮೊದಲ ಸಲ ದೊಡ್ಡ ಬಾಯಿಯನ್ನು ದ್ರಾವಣದಲ್ಲಿ ಅರ್ಧ ನಿಮಿಷ ಹಾಗೇ ಇಡಿ. ಕಾಗದ ಚೆನ್ನಾಗಿ ಕುಡಿಯಲಿ.
5. ಎತ್ತಿ, ದೊಡ್ಡ ಬಾಯಿ ಕೆಳಮುಖವಾಗಿರುವಂತೆ ಹಿಡಿದು ಮೆಲ್ಲಗೆ ಊದಿ.

ನಾಲ್ಕನೆಯ ಹಂತದಲ್ಲಿ ಆತುರ ಪಟ್ಟರೆ ಮೊದಲ ಗುಳ್ಳೆಗಳು ನಿಲ್ಲುವುದಿಲ್ಲ, ಮಗು ಬೇಸರ ಮಾಡಿಕೊಂಡು ಎದ್ದುಹೋಗುತ್ತದೆ. ಆಮೇಲೆ ಸುಮ್ನೆ ಒಮ್ಮೆ ಅದ್ದಿ ತೆಗೆದರೂ ಸಾಕು. ನುಣುಪು ಹೊಳಪಿನ ಕಾಗದ ನೀರು ಕುಡಿಯುವುದಿಲ್ಲ, ಡ್ರಾಯಿಂಗ್ ಹಾಳೆಯಂಥದ್ದು ಒಳ್ಳೆಯದು.

*ಇ) ದಾರ ಸುತ್ತಿದ ತಂತಿ ಉಂಗುರ*

1. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯನ್ನು 4-5 ಸೆಂಟಿಮೀಟರ್ ಅಗಲದ ಬಾಟಲಿಗೋ ಡಬ್ಬಿಗೋ ಒಂದು ಸುತ್ತು ಸುತ್ತಿ ಉಂಗುರ ಮಾಡಿ.
2. ಉಳಿದ ಎರಡೂ ತುದಿಗಳನ್ನು ಒಂದಕ್ಕೊಂದು ಹೆಣೆದು ಹಿಡಿ ಮಾಡಿ. ಉಂಗುರ ಪೂರ್ತಿ ಮುಚ್ಚಿರಬೇಕು, ಸಂದು ಇರಬಾರದು.
3. ಹಿಡಿಯ ಚೂಪು ತುದಿಯನ್ನು ಒಳಕ್ಕೆ ಮಡಿಚಿ, ಮೇಲೆ ಎರಡು ಮೂರು ಸುತ್ತು ಟೇಪ್ ಹಚ್ಚಿ. ಇದು ದೊಡ್ಡವರ ಕೆಲಸ.
4. ಉಂಗುರದ ಸುತ್ತ ಹತ್ತಿ ಅಥವಾ ಉಣ್ಣೆ ದಾರವನ್ನು ಒತ್ತೊತ್ತಾಗಿ ಸುತ್ತಿ, ಕೊನೆಯಲ್ಲಿ ಗಂಟು ಹಾಕಿ. ಇದು ಮಕ್ಕಳ ಕೆಲಸ.

ದಾರ ಸುತ್ತದ ಉಂಗುರ ಒಂದು, ಸುತ್ತಿದ್ದು ಒಂದು, ಎರಡನ್ನೂ ಮಾಡಿ ಮಕ್ಕಳ ಕೈಗೆ ಕೊಡಿ. ಒಂದೇ ತಟ್ಟೆಯಲ್ಲಿ ಅದ್ದಿ, ಒಬ್ಬರೇ ಊದಿ ನೋಡಲಿ. ಒಂದು ಅದ್ದಿಗೆ ಯಾವುದರಲ್ಲಿ ಹೆಚ್ಚು ಗುಳ್ಳೆ ಬಂತು ಎಂದು ಎಣಿಸಲಿ. ಅಂಚಿನ ವಿಷಯ ನಾವು ಬಾಯಲ್ಲಿ ಹೇಳುವುದಕ್ಕಿಂತ ಅವರೇ ಎಣಿಸಿ ಕಂಡುಕೊಂಡರೆ ಮರೆಯುವುದಿಲ್ಲ. ಸಿಂಥೆಟಿಕ್ ದಾರ ನೀರು ಹೀರುವುದು ಕಡಿಮೆ, ಅದನ್ನು ಬಳಸಬೇಡಿ.

ಉಂಗುರವೇ ಆಗಬೇಕೆಂದಿಲ್ಲ. ಚೌಕ, ತ್ರಿಕೋನ, ನಕ್ಷತ್ರ, ಏನು ಬೇಕಾದರೂ ಬಗ್ಗಿಸಬಹುದು. ಊದುವ ಮೊದಲು ಕೇಳಿ: "ಚೌಕದಿಂದ ಬರುವ ಗುಳ್ಳೆ ಹೇಗಿರುತ್ತೆ?" ಹೆಚ್ಚಿನ ಮಕ್ಕಳು ಚೌಕ ಎಂದೇ ಹೇಳುತ್ತಾರೆ. ಬರುವುದು ದುಂಡನೆಯದೇ. ಒಳಗಿರುವಷ್ಟು ಗಾಳಿಯನ್ನು ಎಲ್ಲಕ್ಕಿಂತ ಕಡಿಮೆ ಮೇಲ್ಮೈಯಲ್ಲಿ ಸುತ್ತುವರಿಯಬಲ್ಲ ಆಕಾರ ಗೋಳ. ಪೊರೆ ಬಿಗಿಯಾಗಿ ಎಳೆದುಕೊಳ್ಳುತ್ತಲೇ ಇರುವುದರಿಂದ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

*ಈ) ಬಾಟಲಿ ಮತ್ತು ಕಾಲುಚೀಲ*

ಇದರಲ್ಲಿ ಬರುವುದು ಒಂಟಿ ಗುಳ್ಳೆಯಲ್ಲ, ಸಾವಿರಾರು ಪುಟ್ಟ ಗುಳ್ಳೆಗಳು ಸೇರಿದ ಉದ್ದನೆಯ ನೊರೆ ಹಾವು. ಮಕ್ಕಳಿಗೆ ಭಾರಿ ಇಷ್ಟ. ಎಚ್ಚರವೂ ಹೆಚ್ಚು ಬೇಕು.

1. ಅರ್ಧ ಲೀಟರ್ ಬಾಟಲಿಯ ತಳವನ್ನು ಕತ್ತರಿಸಿ ತೆಗೆಯಿರಿ. ಇದು ದೊಡ್ಡವರದೇ ಕೆಲಸ.
2. ಕತ್ತರಿಸಿದ ಅಂಚು ಕೈ ಕೊಯ್ಯದಂತೆ ಸುತ್ತಲೂ ಟೇಪ್ ಹಚ್ಚಿ.
3. ಹಳೆಯ, ಒಗೆದ ಹತ್ತಿ ಕಾಲುಚೀಲವನ್ನು ಆ ತುದಿಗೆ ಬಿಗಿಯಾಗಿ ಎಳೆದು ಹಾಕಿ, ರಬ್ಬರ್ ಬ್ಯಾಂಡ್‌ನಿಂದ ಕಟ್ಟಿ.
4. ಚೀಲದ ಮುಖವನ್ನು ದ್ರಾವಣದಲ್ಲಿ ಅದ್ದಿ, ಬಾಟಲಿಯ ಬಾಯಿಯಿಂದ ಒಂದೇ ಸಮನೆ ಊದಿ.

ಇಲ್ಲಿ ಅಪಾಯ ಒಂದೇ. ಮಗು ಬಾಟಲಿಗೆ ಬಾಯಿ ಇಟ್ಟುಕೊಂಡೇ ಉಸಿರು ಎಳೆದುಕೊಂಡರೆ ನೊರೆ ಬಾಯಿಗೆ, ಕೆಲವೊಮ್ಮೆ ಗಂಟಲಿಗೆ ಹೋಗುತ್ತದೆ. "ಊದು, ಬಾಟಲಿ ತೆಗಿ, ಉಸಿರು ತಗೋ" ಎಂಬ ಮೂರು ಹೆಜ್ಜೆಯನ್ನು ಒಣ ಬಾಟಲಿಯಲ್ಲೇ ಅಭ್ಯಾಸ ಮಾಡಿಸಿ. ಐದು ವರ್ಷಕ್ಕಿಂತ ಚಿಕ್ಕವರಿಗೆ ಇದನ್ನು ನಾನು ಕೊಡುವುದಿಲ್ಲ. ಅವರ ಬದಲು ನೀವು ಊದಿ, ಅವರು ಹಾವನ್ನು ಹಿಡಿಯಲಿ.

*ಉ) ಎರಡು ಸ್ಟ್ರಾ, ಒಂದು ದಾರ: ಊದದೇ ಬರುವ ದೊಡ್ಡ ಗುಳ್ಳೆ*

ಊದಲು ಬಾರದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಬಾಯಿಗೆ ಏನೂ ತಾಗುವುದಿಲ್ಲ.

1. ಸುಮಾರು 1 ಮೀಟರ್ ಹತ್ತಿ ದಾರವನ್ನು ಎರಡು ಸ್ಟ್ರಾಗಳ ಒಳಗಿಂದ ಪೋಣಿಸಿ.
2. ದಾರದ ಎರಡೂ ತುದಿ ಸೇರಿಸಿ ಗಂಟು ಹಾಕಿ. ಗಂಟನ್ನು ಜರುಗಿಸಿ ಒಂದು ಸ್ಟ್ರಾ ಒಳಗೆ ಅಡಗಿಸಿ. ಗಂಟು ಹೊರಗಿದ್ದರೆ ಪೊರೆ ಅಲ್ಲೇ ಹರಿಯುತ್ತದೆ.
3. ಸ್ಟ್ರಾಗಳನ್ನು ಎರಡೂ ಕೈಯಲ್ಲಿ ಹಿಡಿದು ದೂರ ಮಾಡಿದರೆ ಆಯತದ ಚೌಕಟ್ಟು ಸಿಗುತ್ತದೆ.
4. ಎರಡೂ ಸ್ಟ್ರಾ ಜೋಡಿಸಿ, ದಾರ ಸಮೇತ ಅಗಲವಾದ ಟ್ರೇನಲ್ಲಿ ಪೂರ್ತಿ ಮುಳುಗಿಸಿ. ಕೈಬೆರಳುಗಳೂ ಒದ್ದೆಯಾಗಲಿ.
5. ಜೋಡಿಸಿದ ಹಾಗೇ ಮೇಲೆತ್ತಿ, ಆಮೇಲೆ ನಿಧಾನವಾಗಿ ದೂರ ಮಾಡಿ. ನಡುವೆ ಪೊರೆ ಹರಡಿಕೊಳ್ಳುತ್ತದೆ.
6. ಮೆಲ್ಲಗೆ ಹಿಂದಕ್ಕೆ ಹೆಜ್ಜೆ ಹಾಕಿ. ಪೊರೆ ಉಬ್ಬಿ ಉದ್ದವಾಗುತ್ತದೆ. ಆಗ ಸ್ಟ್ರಾಗಳನ್ನು ಮತ್ತೆ ಹತ್ತಿರ ತಂದರೆ ಗುಳ್ಳೆಯ ಬಾಯಿ ಮುಚ್ಚಿಕೊಂಡು ಬಿಡುಗಡೆಯಾಗುತ್ತದೆ.

ಕೊನೆಯ ಮುಚ್ಚುವ ಹೆಜ್ಜೆ ಕಲಿಯಲು ಸ್ವಲ್ಪ ಹೊತ್ತು ಬೇಕು. ಮಕ್ಕಳು ಹಿಂದಕ್ಕೆ ಓಡುತ್ತಲೇ ಇರುತ್ತಾರೆ, ಗುಳ್ಳೆ ಹರಿದುಹೋಗುತ್ತದೆ. "ಬಾಗಿಲು ಮುಚ್ಚು" ಎಂದು ನೀವು ಪಕ್ಕದಿಂದ ಹೇಳುತ್ತಿದ್ದರೆ ಬೇಗ ಹಿಡಿತ ಸಿಗುತ್ತದೆ. ಆಟ ಮುಗಿದ ಮೇಲೆ ಈ ದಾರವನ್ನು ಪುಟ್ಟ ಮಕ್ಕಳ ಕೈಗೆ ಬಿಡಬೇಡಿ, ಕುತ್ತಿಗೆಗೆ ಹಾಕಿಕೊಳ್ಳುತ್ತಾರೆ.

ಹಂತ 4: ಜಾಗ ಮತ್ತು ಹೊತ್ತು

ಒಳ್ಳೆಯ ದ್ರಾವಣ, ಒಳ್ಳೆಯ ಊದುಗೊಳವೆ ಎರಡೂ ಇದ್ದು ಗುಳ್ಳೆ ಒಡೆಯುತ್ತಿದ್ದರೆ ಹೊತ್ತು ಸರಿಯಿಲ್ಲ ಎಂದೇ ತಿಳಿಯಿರಿ. ನಡುಮಧ್ಯಾಹ್ನದ ಒಣ ಬಿಸಿಲು ಗುಳ್ಳೆಗೆ ಆಗದು. ಬೆಳಗ್ಗೆ, ಸಂಜೆ, ಮಳೆ ನಿಂತ ಮೇಲೆ ಗಾಳಿಯಲ್ಲಿ ತೇವ ಇರುತ್ತದೆ. ಗುಳ್ಳೆ ಹೆಚ್ಚು ಹೊತ್ತು ಬಾಳುತ್ತದೆ. ಜೋರು ಗಾಳಿಯೂ ಬೇಡ. ಮನೆಯೊಳಗೆ ಆಡುವುದಾದರೆ ಫ್ಯಾನ್ ಆರಿಸಿ. ಗಾಳಿ ಮೆಲ್ಲಗೆ ಬೀಸುತ್ತಿದ್ದರೆ ಮಗುವಿನ ಬೆನ್ನಿಗೆ ಗಾಳಿ ಬರುವ ಹಾಗೆ ನಿಲ್ಲಿಸಿ. ಎದುರು ಗಾಳಿಗೆ ನಿಂತರೆ ಒಡೆದ ಗುಳ್ಳೆಯ ಹನಿ ನೇರ ಕಣ್ಣಿಗೆ.

ನುಣುಪಾದ ಟೈಲ್ಸ್ ನೆಲದ ಮೇಲೆ ಬೇಡ. ಸೋಪುನೀರು ಬಿದ್ದ ಟೈಲ್ಸ್ ಭಯಂಕರ ಜಾರುತ್ತದೆ, ಮಕ್ಕಳು ಗುಳ್ಳೆಯ ಹಿಂದೆ ಓಡುವಾಗ ಕೆಳಗೆ ನೋಡುವುದಿಲ್ಲ. ಹುಲ್ಲು, ಮಣ್ಣು, ಒರಟು ನೆಲ ಒಳ್ಳೆಯದು. ಒಳಗೇ ಆಡಬೇಕೆಂದರೆ ಹಳೆಯ ಬೆಡ್‌ಶೀಟ್ ಹಾಸಿ, ಎಲ್ಲರೂ ಕೂತು ಆಡಲಿ.

ದ್ರಾವಣದ ತಟ್ಟೆಯನ್ನು ನೆಲದ ಮೇಲೇ ಇಡಿ. ಕೈಯಲ್ಲಿ ಹಿಡಿದುಕೊಂಡರೆ ಚೆಲ್ಲುವುದು ಖಂಡಿತ. ಹುಲ್ಲಿನ ತುಣುಕು, ಮಣ್ಣು ತಟ್ಟೆಗೆ ಬಿದ್ದಿದ್ದರೆ ತೆಗೆದುಹಾಕಿ, ಅವೂ ಪೊರೆ ಹರಿಯುತ್ತವೆ.

ಹಂತ 5: ಊದುವ ರೀತಿ

ಮಕ್ಕಳು ಮೇಣದಬತ್ತಿ ಆರಿಸುವಂತೆ "ಫೂ" ಎಂದು ಜೋರಾಗಿ ಊದುತ್ತಾರೆ. ಪೊರೆ ಹರಿಯುವುದು ಅಲ್ಲೇ. ಬಾಯಿ ದುಂಡಗೆ ಮಾಡಿ, ಬಿಸಿ ಹಾಲು ಆರಿಸುವಷ್ಟೇ ಮೆಲ್ಲಗೆ, ಒಂದೇ ಸಮನೆ ಊದಬೇಕು. ಉಂಗುರವಾದರೆ ಬಾಯಿಯಿಂದ 10-15 ಸೆಂಟಿಮೀಟರ್ ದೂರ ಇರಲಿ. ಅದ್ದಿ ಎತ್ತಿದ ಕೂಡಲೇ ಊದಬೇಡಿ. ಹೆಚ್ಚಿನ ನೀರು ತೊಟ್ಟಿಕ್ಕಿ ಹೋಗಲು ಒಂದು ಕ್ಷಣ ಬಿಡಿ. ಗುಳ್ಳೆ ಸಾಕಷ್ಟು ದೊಡ್ಡದಾದ ಮೇಲೆ ಮಣಿಕಟ್ಟನ್ನು ಮೆಲ್ಲಗೆ ತಿರುಗಿಸಿದರೆ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹಾರುವ ಗುಳ್ಳೆಯನ್ನು ಹಿಡಿಯುವ ಆಸೆ ಎಲ್ಲ ಮಕ್ಕಳಿಗೂ ಇರುತ್ತದೆ. ಒಣ ಕೈ ತಾಗಿದರೆ ಒಡೆಯುತ್ತದೆ. ಅಂಗೈಯನ್ನು ದ್ರಾವಣದಲ್ಲಿ ಅದ್ದಿಕೊಂಡು ಕೆಳಗಿನಿಂದ ಚಾಚಿದರೆ ಗುಳ್ಳೆ ಅಂಗೈ ಮೇಲೆ ಬಂದು ಕೂರುತ್ತದೆ. ಒದ್ದೆ ಸ್ಟ್ರಾವನ್ನು ಗುಳ್ಳೆಯ ಒಳಕ್ಕೇ ತೂರಿಸಬಹುದು, ಅದು ಒಡೆಯುವುದಿಲ್ಲ. ಒಳಗೆ ಇನ್ನೊಂದು ಪುಟ್ಟ ಗುಳ್ಳೆಯನ್ನೂ ಊದಬಹುದು. ತಟ್ಟೆಯ ಮೇಲಿನ ಗುಮ್ಮಟದಲ್ಲಿ ಇದನ್ನು ಮಾಡುವುದು ಸುಲಭ.

ಒಂದು ನಿಮಿಷ ಊದದೆಯೂ ನೋಡಿ. ದಾರ ಸುತ್ತಿದ ಉಂಗುರವನ್ನು ಅದ್ದಿ, ಕನ್ನಡಿಯ ಹಾಗೆ ನೆಟ್ಟಗೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು ಬೆಳಕಿಗೆ ಒಡ್ಡಿ. ಮೊದಲು ಪೊರೆಯಲ್ಲಿ ಏನೂ ಕಾಣುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಗುಲಾಬಿ, ಹಸಿರು ಪಟ್ಟೆಗಳು ಅಡ್ಡಡ್ಡ ಮೂಡಿ, ಒಂದರ ಹಿಂದೆ ಒಂದು ಕೆಳಕ್ಕೆ ಸರಿಯುತ್ತವೆ. ನೀರು ಕೆಳಗಿಳಿದು ಪೊರೆ ತೆಳ್ಳಗಾಗುತ್ತಿರುವ ಗುರುತು ಅದು. ಪೊರೆಯ ಮುಂದಿನ ಮತ್ತು ಹಿಂದಿನ ಮೇಲ್ಮೈಯಿಂದ ವಾಪಸ್ ಬರುವ ಬೆಳಕು ಒಂದರ ಮೇಲೊಂದು ಸೇರಿದಾಗ ಕೆಲವು ಬಣ್ಣ ಹೆಚ್ಚಾಗಿ, ಕೆಲವು ಅಳಿಸಿಹೋಗುತ್ತವೆ. ಯಾವ ಬಣ್ಣ ಉಳಿಯುತ್ತದೆ ಎನ್ನುವುದು ಪೊರೆಯ ದಪ್ಪದ ಮೇಲೆ ನಿಂತಿದೆ. ಕೊನೆಗೆ ಮೇಲ್ತುದಿಯಲ್ಲಿ ಬಣ್ಣವೇ ಇಲ್ಲದ ಕಪ್ಪು ಪಟ್ಟೆ ಕಾಣಿಸುತ್ತದೆ. ಅಲ್ಲಿ ಪೊರೆ ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ಪಟ್ಟು ತೆಳು. "ಕಪ್ಪು ಬಂತು" ಎಂದು ಕೂಗಿದ ಸ್ವಲ್ಪ ಹೊತ್ತಿಗೇ ಪೊರೆ ಹೋಗುತ್ತದೆ. ಯಾವಾಗ ಒಡೆಯುತ್ತದೆ ಎಂದು ಮೊದಲೇ ಹೇಳಬಲ್ಲ ಈ ಆಟ ಏಳೆಂಟು ವರ್ಷದ ಮಕ್ಕಳನ್ನು ಬಹಳ ಹೊತ್ತು ಹಿಡಿದಿಡುತ್ತದೆ.

ಕಣ್ಣಿಗೆ, ಬಾಯಿಗೆ ಹೋದರೆ

ಕಣ್ಣಿಗೆ ಹೋದರೆ ಉಜ್ಜಲು ಬಿಡಬೇಡಿ. ಶುದ್ಧ ನೀರನ್ನು ನಿಧಾನವಾಗಿ ಸುರಿಯುತ್ತಾ ಕೆಲವು ನಿಮಿಷ ತೊಳೆಯಿರಿ. ಆಮೇಲೂ ಉರಿ, ಕೆಂಪು ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಆಡುವ ಜಾಗದ ಪಕ್ಕದಲ್ಲೇ ಒಂದು ಚೊಂಬು ಶುದ್ಧ ನೀರು, ಒಂದು ಒಣ ಟವೆಲ್ ಇಟ್ಟುಕೊಂಡೇ ಆಟ ಶುರು ಮಾಡಿ.

ಒಂದು ಗುಟುಕು ಬಾಯಿಗೆ ಹೋದರೆ ಬಾಯಿ ಮುಕ್ಕಳಿಸಿ, ಸ್ವಲ್ಪ ನೀರು ಕುಡಿಸಿ. ವಾಂತಿ ಮಾಡಿಸಲು ಹೋಗಬೇಡಿ. ಹೊಟ್ಟೆಗಿಂತ ನೊರೆ ಶ್ವಾಸಕ್ಕೆ ಹೋಗುವುದು ಹೆಚ್ಚು ತೊಂದರೆ. ಕೆಮ್ಮು ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ವಾಂತಿ ಮತ್ತೆ ಮತ್ತೆ ಆದರೆ ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ರಬ್ಬರ್ ಬ್ಯಾಂಡ್, ಸ್ಟ್ರಾದ ತುಂಡು ಸಿಗದಂತೆ ನೋಡಿಕೊಳ್ಳಿ.

ಉಳಿದ ದ್ರಾವಣ

ತಟ್ಟೆಯಲ್ಲಿ ಆಡಿ ಕೊಳೆಯಾದದ್ದನ್ನು ಚೆಲ್ಲಿಬಿಡಿ, ಆದರೆ ಗಿಡದ ಬುಡಕ್ಕೋ ಕೆರೆ ಕಾಲುವೆಗೋ ಅಲ್ಲ, ಸಿಂಕ್ ಅಥವಾ ಬಚ್ಚಲಿಗೆ. ಬಳಸದೆ ಉಳಿದದ್ದನ್ನು ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿ, ಮೇಲೆ "ಸೋಪುನೀರು" ಎಂದು ದೊಡ್ಡದಾಗಿ ಬರೆದು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡಿ. ಕುಡಿಯುವ ನೀರಿನ ಬಾಟಲಿಯಲ್ಲಿ ಯಾವ ಕಾರಣಕ್ಕೂ ತುಂಬಿಡಬೇಡಿ. ಗ್ಲಿಸರಿನ್ ಹಾಕಿದ್ದು ಒಂದು ವಾರ ಧಾರಾಳವಾಗಿ ಬರುತ್ತದೆ. ಸಕ್ಕರೆ ಹಾಕಿದ್ದನ್ನು ಒಂದೆರಡು ದಿನದಲ್ಲಿ ಮುಗಿಸಿ. ಯಾವುದೇ ಆಗಲಿ ವಾಸನೆ ಬಂದರೆ, ಬಿಳಿ ಪದರ ಕಟ್ಟಿದರೆ ಚೆಲ್ಲಿ. ತಂತಿ ಉಂಗುರವನ್ನು ಬರೀ ನೀರಿನಲ್ಲಿ ತೊಳೆದು, ದಾರ ಪೂರ್ತಿ ಒಣಗಿದ ಮೇಲೆ ಎತ್ತಿಡಿ. ಕಾಗದದ ಶಂಕು ಮಾತ್ರ ಪ್ರತಿ ಸಲ ಹೊಸದೇ ಆಗಬೇಕು.